ವಾಸನೆ ಬೇರೆ, ಘಾಟು ಬೇರೆ

ಹಲಸೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಎರಡೂವರೆ ವರ್ಷ. ಅವರ ಮನೆಯಿಂದ ಕೆರೆಯ ಕಡೆ ಹೊರಟರೆ ಬೀದಿಯ ತುದಿಯಲ್ಲೊಂದು ಮೋರಿ ಸಿಗುತ್ತದೆ. ಅದರ ಮೇಲಿನ ಚಪ್ಪಡಿ ಒಡೆದು ಬಹಳ ದಿನವಾಯಿತು. ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಅವಳು ನಿಂತುಬಿಡುತ್ತಾಳೆ. "ಗಬ್ಬು" ಎಂದು ಮೂಗು ಮುಚ್ಚುತ್ತಾಳೆ. ಎತ್ತಿಕೊಳ್ಳದಿದ್ದರೆ ಅಳು, ಎತ್ತಿಕೊಂಡರೆ ಹೆಗಲಿಗೆ ಮುಖ ಒತ್ತಿ ಓಕರಿಕೆ. ಮೊಟ್ಟೆ ಬೇಯಿಸಿದ ದಿನ ಅಡುಗೆಮನೆಗೆ ಬರುವುದಿಲ್ಲ. ಫಿನಾಯಿಲ್ ಹಾಕಿ ತೊಳೆದ ಬಚ್ಚಲಿಗೆ ಕಾಲಿಡುವುದಿಲ್ಲ. ಮನೆಯಲ್ಲಿ ಈಗ ಎರಡು ಪಕ್ಷ. "ಮುದ್ದು ಮಾಡಿ ಕೆಡಿಸಿದ್ದೀರಿ, ನಾಲ್ಕು ದಿನ ಅಲ್ಲೇ ಓಡಾಡಿಸಿ, ತಾನೇ ಸರಿಹೋಗುತ್ತೆ" ಎನ್ನುವುದು ತಂಗಿಯ ಅತ್ತೆಯ ಪಕ್ಷ. ಮೊಬೈಲಿನಲ್ಲಿ ಏನೇನೋ ಓದಿ ನಿದ್ದೆಗೆಡುವುದು ತಂಗಿಯ ಪಕ್ಷ. "ಅಕ್ಕಾ, ಇವಳಿಗೆ ಏನಾದ್ರೂ ತೊಂದರೆ ಇದೆಯಾ?" ಎಂದು ಅವಳು ಕೇಳಿದ ಮೇಲೆಯೇ ನಾನು ಈ ವಿಷಯವನ್ನು ಓದಲು ಕುಳಿತದ್ದು. ನಾನು ವೈದ್ಯೆಯಲ್ಲ, ವಿಜ್ಞಾನದ ಬಗ್ಗೆ ಬರೆಯುವವಳು.

ಮೊದಲು ನಮ್ಮ ಮೂಗಿನ ಮಾತು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮೀನಿನ ಸಾಲಿಗೆ ಹೋಗಿ ವ್ಯಾಪಾರಿಯೊಬ್ಬರನ್ನು "ಈ ವಾಸನೆಯಲ್ಲಿ ಹೇಗೆ ಕೂರುತ್ತೀರಿ?" ಎಂದು ಕೇಳಿದ್ದೆ. "ವಾಸನೆನಾ? ಎಲ್ಲಿದೆ ಮೇಡಂ?" ಎಂದರು. ತಮಾಷೆಗೆ ಹೇಳಿದ್ದಲ್ಲ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗಿನ ಗ್ರಾಹಕಗಳೂ ಮಿದುಳೂ ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತವೆ. ಹೊಸದು ಬಂದರೆ ಹಿಡಿಯಬೇಕು, ಹಳತನ್ನು ಮರೆಯಬೇಕು. ಮೂಗು ಇರುವುದೇ ಹಾಗೆ. ವರ್ಷಗಟ್ಟಲೆ ಅದೇ ಮೋರಿ ದಾಟುವ ನಾವು ಹೀಗೆ ಒಗ್ಗಿಹೋದವರು. ಮೊನ್ನೆ ಮೊನ್ನೆ ಊರಿಗೆ ಬಂದ ಆ ಹುಡುಗಿ ಇನ್ನೂ ಒಗ್ಗಿಲ್ಲ. ಅವಳು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನ ಯಾವ ಮಾತೂ ಉಪಯೋಗಕ್ಕೆ ಬರುವುದಿಲ್ಲ.

ಹಾಗೆಂದು ಮಕ್ಕಳ ಮೂಗು ದೊಡ್ಡವರದಕ್ಕಿಂತ ಹೆಚ್ಚು ಚುರುಕು ಎಂದು ತಿಳಿಯಬೇಕಿಲ್ಲ. ಗ್ರಾಹಕಗಳು ಇಬ್ಬರಿಗೂ ಅವೇ. ಮೂಗಿನ ಗೂಡಿನ ಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟಗಲದ ಪೊರೆಯಲ್ಲಿ ಸುಮಾರು 400 ಬಗೆಯ ಘ್ರಾಣಗ್ರಾಹಕಗಳಿವೆ. ಇವನ್ನು ರೂಪಿಸುವ ಜೀನ್‌ಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. ಅದಕ್ಕೆ 2004ರ ನೊಬೆಲ್ ಬಂತು. ನೋಟ, ಶ್ರವಣ, ಸ್ಪರ್ಶಗಳ ಸುದ್ದಿ ಮಿದುಳಿನ ತೊಗಟೆಗೆ ಹೋಗುವ ಮುನ್ನ ಥಲಾಮಸ್ ಎಂಬ ಚೌಕಿಯಲ್ಲಿ ನಿಂತು ಹೋಗುತ್ತದೆ. ವಾಸನೆಯ ಸುದ್ದಿ ಹಾಗೆ ನಿಲ್ಲುವುದಿಲ್ಲ. ಘ್ರಾಣಗಡ್ಡೆಯಿಂದ ನೇರವಾಗಿ ಭಯ, ಹೇಸಿಗೆ, ನೆನಪುಗಳ ನೆರೆಹೊರೆಯಾದ ಅಮಿಗ್ಡಲದ ಬಾಗಿಲಿಗೇ ಹೋಗುತ್ತದೆ. ದೊಡ್ಡವರು ಓಕರಿಕೆಯನ್ನು ನುಂಗಿಕೊಂಡು ನಗುಮುಖ ಮಾಡುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಎರಡೂವರೆ ವರ್ಷಕ್ಕೆ ಆ ಕಡಿವಾಣ ಎಲ್ಲಿಂದ ಬರಬೇಕು?

ಇನ್ನೊಂದು ಸಣ್ಣ ಸಂಗತಿ. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್. ಅದರ ಮೂಗು ಮೋರಿಗೆ ನಮ್ಮ ಮೂಗಿಗಿಂತ ಅರ್ಧದಷ್ಟೇ ದೂರ, ಮೀನಿನ ಬುಟ್ಟಿಗಂತೂ ನೇರ ಎದುರು. ನಾವು ನಿಂತ ಜಾಗವೂ ಮಗು ನಿಂತ ಜಾಗವೂ ಒಂದೇ ಅಲ್ಲ. ನಂಬಿಕೆ ಬಾರದಿದ್ದರೆ ಒಮ್ಮೆ ಕುಕ್ಕರುಗಾಲಲ್ಲಿ ಕುಳಿತು ಉಸಿರೆಳೆದು ನೋಡಿ. ನಾನು ನೋಡಿದೆ, ಎರಡನೆಯ ಸಲ ನೋಡಲಿಲ್ಲ.

ಹುಟ್ಟುವಾಗಲೇ ಮಗುವಿಗೆ ಒಳ್ಳೆಯ ವಾಸನೆ, ಕೆಟ್ಟ ವಾಸನೆ ಎಂಬ ಭೇದ ಇರುತ್ತದೆಯೇ ಎಂಬುದು ಹಳೆಯ ಜಗಳ. ನವಜಾತ ಶಿಶುಗಳ ಮುಖ ಕೊಳೆತ ಮೊಟ್ಟೆಯ ವಾಸನೆಗೆ ಕಿವುಚಿಕೊಳ್ಳುವುದನ್ನು ಕೆಲವರು ದಾಖಲಿಸಿದ್ದಾರೆ. ಬಹುಪಾಲು ಹೇಸಿಗೆ ಕಲಿತು ಬರುವುದೆಂದು ಬೇರೆಯವರು ವಾದಿಸಿದ್ದಾರೆ. ಅಮೆರಿಕದ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವಂತೂ ನಗು ತರಿಸುತ್ತದೆ: ಕಡಲೆಕಾಯಿ ಬೆಣ್ಣೆಗೆ ಗಬ್ಬು ನಾರುವ ಚೀಸ್ ಬೆರೆಸಿ ನಾಯಿಯ ಹೇಲಿನಂತೆ ಮಾಡಿ ಮಕ್ಕಳ ಮುಂದಿಟ್ಟರು, ಎರಡು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಿಂದೇಬಿಟ್ಟವು. ಹೇಸಿಗೆ ಗಟ್ಟಿಯಾಗುವುದು ಆಮೇಲೆ, ದೊಡ್ಡವರ ಮುಖ ನೋಡಿ. ದೊಡ್ಡವರೂ ಹೆಸರಿಗೆ ಸೋಲುತ್ತಾರೆ. ರೇಚಲ್ ಹರ್ಟ್ಸ್ ಅವರ 2001ರ ಅಧ್ಯಯನದಲ್ಲಿ ಒಂದೇ ದ್ರಾವಣವನ್ನು "ಚೀಸ್" ಎಂದು ಕೊಟ್ಟಾಗ ಮೆಚ್ಚಿದವರು "ವಾಂತಿ" ಎಂದು ಕೊಟ್ಟಾಗ ದೂರ ತಳ್ಳಿದರು. ವಾಂತಿಗೂ ಕಮಟು ಬೆಣ್ಣೆಗೂ ಆ ವಾಸನೆ ಕೊಡುವ ಬ್ಯುಟಿರಿಕ್ ಆಮ್ಲ ಒಂದೇ ಎನ್ನುವುದು ನಿಜವೂ ಹೌದು. ರಸೆಲ್ ಮಾರ್ಕೆಟ್ಟಿನ ಹೂವಿನ ಕಡೆ ಮಲ್ಲಿಗೆಗೆ ಆ ಗಾಢತೆ ಕೊಡುವ ಇಂಡೋಲ್ ಮನುಷ್ಯರ ಮಲದಲ್ಲೂ ಇದೆ. ಪ್ರಮಾಣ, ಸಂಗಡ ಬೆರೆತ ಬೇರೆ ವಾಸನೆಗಳು, ನಮ್ಮ ನೆನಪು ಇವು ಸೇರಿ ಒಂದನ್ನು ಮುಡಿಗೆ ಏರಿಸುತ್ತವೆ, ಇನ್ನೊಂದಕ್ಕೆ ಮೂಗು ಮುಚ್ಚಿಸುತ್ತವೆ.

ಹಾಗಾದರೆ ಅತ್ತೆಯವರ ಮಾತೇ ಸರಿಯೇ, ಓಡಾಡಿಸಿದರೆ ಒಗ್ಗುತ್ತದೆಯೇ? ಇಲ್ಲಿ ಕನ್ನಡ ಒಂದು ಉಪಕಾರ ಮಾಡಿದೆ. ನಾವು ವಾಸನೆ ಎನ್ನುತ್ತೇವೆ, ಘಾಟು ಎಂದೂ ಎನ್ನುತ್ತೇವೆ; ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ಮೋರಿಯದು ನಾತ, ಮಳೆಗಾಲದ ಬಟ್ಟೆಯದು ಮುಗ್ಗಲು, ಹಳೆಯ ಎಣ್ಣೆಯದು ಕಮಟು. ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದಾಗ ಬರುವುದು ಮಾತ್ರ ಘಾಟು. ದೇಹಶಾಸ್ತ್ರವೂ ಇದೇ ಗೆರೆ ಎಳೆಯುತ್ತದೆ. ವಾಸನೆ ಘ್ರಾಣನರದ ಕೆಲಸ. ಘಾಟು ಟ್ರೈಜೆಮಿನಲ್ ಎಂಬ ಬೇರೆಯೇ ನರದ ಕೆಲಸ, ಮುಖದ ನೋವು, ಉರಿ, ತಣುಪನ್ನು ತಿಳಿಸುವ ನರವದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಅಮೋನಿಯಾ, ಕ್ಲೋರಿನ್, ಹೊಗೆ ಅದನ್ನು ಕೆಣಕುತ್ತವೆ. ಸೀನು, ಕೆಮ್ಮು, ಕಣ್ಣೀರು ಬಂದರೆ ಅದು ಇಷ್ಟ, ಅನಿಷ್ಟದ ಪ್ರಶ್ನೆಯಲ್ಲ; ಒಳಪೊರೆಗೆ ಉರಿಯಾಗುತ್ತಿದೆ ಎಂದರ್ಥ.

ಅದರಿಂದ ನನ್ನ ತೀರ್ಮಾನ ಇಷ್ಟು: ವಾಸನೆಗೆ ಮಗುವನ್ನು ನಿಧಾನವಾಗಿ ಒಗ್ಗಿಸಬಹುದು, ಘಾಟಿಗೆ ಒಗ್ಗಿಸಬಾರದು. ಗಾಳಿಯಿಲ್ಲದ ಬಚ್ಚಲಲ್ಲಿ ಫಿನಾಯಿಲ್, ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಎಣ್ಣೆನೀರು ಹಾಕಿದ ಮೇಲೆ ತಲೆಗೂದಲಿಗೆ ಹಿಡಿಯುವ ಸಾಂಬ್ರಾಣಿ ಹೊಗೆ, ಇವುಗಳಿಂದ ಮಗು ಓಡಿಹೋದರೆ ಅದು ಹಟವಲ್ಲ, ಬುದ್ಧಿ. ಬ್ಲೀಚಿಂಗ್ ಪುಡಿ ಹಾಕಿದ ಕಡೆ ಶೌಚಾಲಯ ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮಗು ಇರಲಿ ಬಿಡಲಿ, ಅದನ್ನು ಮಾಡಲೇಬಾರದು. ತಂಗಿ ಫಿನಾಯಿಲ್ ಬಿಟ್ಟು ಬರೀ ಸೋಪಿನ ನೀರಿನಲ್ಲಿ ತೊಳೆದು, ಕಿಟಕಿ ತೆಗೆದಿಟ್ಟು, ನೆಲ ಒಣಗಿದ ಮೇಲೆ ಮಗುವನ್ನು ಕರೆದೊಯ್ಯಲು ಶುರುಮಾಡಿದಳು. ಬಚ್ಚಲಿನ ಜಗಳ ಅರ್ಧಕ್ಕರ್ಧ ಅಲ್ಲಿಗೇ ಮುಗಿಯಿತು. ಇದು ಸಣ್ಣ ಮಾತಲ್ಲ: ಶೌಚಾಲಯದ ವಾಸನೆಗೆ ಅಂಜಿದ ಮಗು ಮಲ ತಡೆಹಿಡಿಯುತ್ತದೆ, ಮಲಬದ್ಧತೆಯಾಗುತ್ತದೆ, ಮುಂದಿನ ಸಲ ನೋವಾಗುತ್ತದೆ, ಆಮೇಲೆ ಆ ಬಾಗಿಲೇ ಬೇಡವಾಗುತ್ತದೆ.

ಇನ್ನು ಬರೀ ವಾಸನೆ. ಮೂಲದಲ್ಲೇ ಕಡಿಮೆ ಮಾಡಲಾಗುವುದನ್ನು ಮೊದಲು ಮಾಡಬೇಕು, ಅದಕ್ಕೆ ಅಡುಗೆಮನೆಯ ರಸಾಯನಶಾಸ್ತ್ರ ಸಾಕು. ಮೊಟ್ಟೆಯನ್ನು ಹೆಚ್ಚು ಹೊತ್ತು ಕುದಿಸಿದಷ್ಟೂ ಬಿಳಿಭಾಗದ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬರುತ್ತದೆ. ಹಳದಿಯ ಸುತ್ತ ಕಾಣುವ ಹಸಿರು ಬಳೆ ಅದರದೇ ಗುರುತು. ಹದಕ್ಕೆ ಇಳಿಸಿ ತಣ್ಣೀರಿಗೆ ಹಾಕಿದರೆ ವಾಸನೆ ಕಡಿಮೆ. ಮೀನಿನ ವಾಸನೆ ಟ್ರೈಮೀಥೈಲಮೀನ್‌ನದು, ಅದು ಪ್ರತ್ಯಾಮ್ಲದ ಗುಣದ್ದು. ಹುಣಸೆಹಣ್ಣು ತಿಕ್ಕಿ ತೊಳೆದರೆ ಆಮ್ಲದೊಡನೆ ಸೇರಿ ಲವಣವಾಗುತ್ತದೆ. ಲವಣ ಗಾಳಿಗೆ ಹಾರುವುದಿಲ್ಲ. ನಮ್ಮ ಕರಾವಳಿಯ ಅಜ್ಜಿಯರು ಇದನ್ನು ಯಾವ ಪುಸ್ತಕವೂ ಇಲ್ಲದೆ ಕಂಡುಕೊಂಡಿದ್ದರು.

ಮೋರಿ, ಕೆರೆ ಮಾತ್ರ ನಮ್ಮ ಕೈಯಲ್ಲಿಲ್ಲ. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ತೀರಿದಾಗ ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ನೀರಿಗೆ ಉಸಿರು ಕಟ್ಟಿದಾಗ ಆಗುವುದು ಹಾಗೆ. ಈ ಅನಿಲವನ್ನು ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಆದ್ದರಿಂದ ಬೀದಿಯಲ್ಲಿ ನಾತ ಬಂತೆಂದ ಮಾತ್ರಕ್ಕೆ ಮಗುವಿಗೆ ವಿಷವೇರಿತೆಂದು ಗಾಬರಿಯಾಗಬೇಕಿಲ್ಲ. ವಿಚಿತ್ರವೆಂದರೆ ಹತ್ತು ಲಕ್ಷಕ್ಕೆ ನೂರು ಪಾಲಿನಷ್ಟಾದಾಗ ಇದೇ ಅನಿಲ ಮೂಗನ್ನು ಮರಗಟ್ಟಿಸಿಬಿಡುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಮ್ಯಾನ್‌ಹೋಲಿಗೆ ಇಳಿದವರು ಎಚ್ಚರಿಕೆಯಿಲ್ಲದೆ ಕುಸಿಯುವುದಕ್ಕೆ ಅದೂ ಒಂದು ಕಾರಣ. ಅದನ್ನು ನಿಷೇಧಿಸುವ ಕಾನೂನು 2013ರಲ್ಲೇ ಬಂದ ಮೇಲೂ ಮನುಷ್ಯರನ್ನು ಇಳಿಸುವುದು ನಿಂತಿಲ್ಲವೆಂಬುದು ಈ ಲೇಖನದ ವಿಷಯವಲ್ಲ. ಬರೆಯದೆ ದಾಟಲು ಮಾತ್ರ ಆಗಲಿಲ್ಲ.

ದಾಟಲೇಬೇಕಾದ ಮೋರಿಯನ್ನು ದಾಟಿಸುವುದು ಹೇಗೆ? ಮಗುವಿಗೆ ಹೆಚ್ಚು ಹೆದರಿಕೆ ತರುವುದು ವಾಸನೆಗಿಂತ ಅದು ಯಾವಾಗ ಬರುತ್ತದೆ, ಯಾವಾಗ ಮುಗಿಯುತ್ತದೆ ಎಂದು ತಿಳಿಯದಿರುವುದು. "ಈಗ ಮೋರಿ ಬರುತ್ತೆ ಪುಟ್ಟಿ, ಹತ್ತು ಎಣಿಸೋದ್ರಲ್ಲಿ ದಾಟ್ತೀವಿ" ಎಂದು ಮೊದಲೇ ಹೇಳಿ, ಎಣಿಸಿ, ಹೇಳಿದಂತೆ ದಾಟಬೇಕು. ನಡುವೆ ನಿಂತು ಪರಿಚಯದವರ ಜೊತೆ ಹರಟೆಗೆ ಇಳಿದರೆ ನಂಬಿಕೆ ಹೋಯಿತು. ದೀಪ ಆರಿಸುವಂತೆ ಉಫ್ ಎಂದು ಊದುತ್ತಾ ನಡೆಯುವುದನ್ನೂ ಆಟವಾಗಿ ಕಲಿಸಬಹುದು. ಹೊರಗಿನ ವಾಸನೆ ಗ್ರಾಹಕಗಳನ್ನು ಮುಟ್ಟುವುದು ಉಸಿರು ಒಳಗೆ ಎಳೆದಾಗ. ನಾವು ಮುಖ ಸಿಂಡರಿಸಿ ಛೀ ಥೂ ಎನ್ನಬಾರದು, "ಏನೂ ವಾಸನೆ ಇಲ್ಲ, ಸುಮ್ಮನಿರು" ಎಂದೂ ಹೇಳಬಾರದು. ಮೊದಲನೆಯದು ಹೇಸಿಗೆಯನ್ನು ಬೆಳೆಸುತ್ತದೆ, ಎರಡನೆಯದು ಸುಳ್ಳು.

ಮೂಗಿಗೆ ಹಿಡಿಯಲು ಅಮ್ಮನ ಸೆರಗು ಅಥವಾ ದುಪಟ್ಟಾ ಸಾಕು. ಅದು ಅನಿಲವನ್ನು ಸೋಸುವುದಿಲ್ಲ, ಪರಿಚಿತ ವಾಸನೆಯನ್ನು ಹತ್ತಿರ ತರುತ್ತದೆ. ಹುಟ್ಟಿದ ಒಂದೆರಡು ವಾರದಲ್ಲೇ ಶಿಶುಗಳು ತಮ್ಮ ತಾಯಿಯ ಎದೆಹಾಲು ತಾಗಿದ ಬಟ್ಟೆಯ ಕಡೆ ಮುಖ ತಿರುಗಿಸುವುದನ್ನು ಐಡನ್ ಮ್ಯಾಕ್‌ಫರ್ಲೇನ್ 1975ರಲ್ಲೇ ತೋರಿಸಿದ್ದರು. ಸೆರಗಿನ ಬದಲು ಕರ್ಪೂರದ ಗಂಟು ಕಟ್ಟುವುದು, ಮೂಗಿನಡಿ ಬಾಮ್ ಹಚ್ಚುವುದು ಬೇಡ. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಎಳೆಮಕ್ಕಳಿಗೆ ಫಿಟ್ಸ್ ಬರಬಹುದು. ಬೀರುವಿನ ಡಾಂಬರ್ ಗುಳಿಗೆ, ಅಂದರೆ ನ್ಯಾಫ್ತಲಿನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ರೂಮ್ ಫ್ರೆಶ್‌ನರ್ ನಾತವನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಹೇರುತ್ತದೆ.

ಒಂದೇ ಒಂದು ಸಲದ ವಾಂತಿಯೂ ಒಂದು ವಾಸನೆಯನ್ನು ಬಹಳ ಕಾಲಕ್ಕೆ ಶತ್ರು ಮಾಡಬಲ್ಲದು. ಕೆ.ಆರ್. ಪುರದ ಅಜ್ಜಿ ಮನೆಗೆ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕಾರಲ್ಲಿ ಹೋಗುವಾಗ ಹೀಗೇ ಆಗಿ, ಕಾರಿನ ಸುಗಂಧದ ಡಬ್ಬಿ ಕಂಡರೇ ನಮ್ಮ ಹುಡುಗಿ ಮುಖ ತಿರುಗಿಸುತ್ತಿದ್ದಳು. ಡಬ್ಬಿ ಕಸದ ಬುಟ್ಟಿ ಸೇರಿತು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ 2023ರ ಅಕ್ಟೋಬರಿನಲ್ಲಿ ಮೆಟ್ರೋ ಕೊಂಡಿ ಸಿಕ್ಕ ಮೇಲೆ ಈಗ ಹಲಸೂರಿನಲ್ಲಿ ಹತ್ತಿದರೆ ಅಲ್ಲೇ ಇಳಿಯುವುದು.

ತಂಗಿಯ ಪ್ರಶ್ನೆ ಉಳಿಯಿತು. ವಾಸನೆಗೆ ಅತಿಯಾಗಿ ಸ್ಪಂದಿಸುವುದು ಆಟಿಸಂನ ಲಕ್ಷಣಗಳ ಪಟ್ಟಿಯಲ್ಲಿ, ಅಂದರೆ ಮನೋವೈದ್ಯರು ಬಳಸುವ 2013ರ ಡಿಎಸ್ಎಂ-5 ಕೈಪಿಡಿಯಲ್ಲಿ, ಇದೆ ನಿಜ. ಆದರೆ ಅದೊಂದರಿಂದಲೇ ಆಟಿಸಂ ಎನ್ನಲಾಗದು. ಹೆಸರು ಕರೆದರೆ ತಿರುಗದಿರುವುದು, ಬೆರಳು ಮಾಡಿ ತೋರಿಸದಿರುವುದು, ಮಾತು ಹಿಂದುಳಿದಿರುವುದು, ಸದ್ದು ಸ್ಪರ್ಶಗಳಿಗೂ ಇದೇ ಗೋಳು, ಇವು ಜೊತೆಗಿದ್ದರೆ ಕಾಯಬಾರದು. ತಿನ್ನುವ ಪದಾರ್ಥಗಳು ದಿನೇ ದಿನೇ ಕಡಿಮೆಯಾಗಿ ತೂಕ ಇಳಿದರೂ ಅಷ್ಟೇ. ಮಕ್ಕಳ ತಜ್ಞರಿಂದ ಶುರುಮಾಡಿದರೆ ಬೇಕಾದಲ್ಲಿ ಅವರೇ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಬರೆದುಕೊಡುತ್ತಾರೆ. "ಸಂವೇದನಾ ತೊಂದರೆ" ಎಂಬ ಹಣೆಪಟ್ಟಿ ಹಚ್ಚಿ ದುಬಾರಿ ಥೆರಪಿಗೆ ಕರೆಯುವ ಫಲಕಗಳು ಇಂದಿರಾನಗರದ ಕಡೆ ಹೆಚ್ಚುತ್ತಿವೆ. ಆ ಹಣೆಪಟ್ಟಿಯನ್ನೇ ಒಂದು ಪ್ರತ್ಯೇಕ ರೋಗನಿರ್ಣಯವೆಂದು ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಕೆಲವು ಮಕ್ಕಳಿಗೆ ಆ ಥೆರಪಿಯಿಂದ ಅನುಕೂಲವಾಗಬಹುದು; ಹಣ ಕಟ್ಟುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು.

ಇನ್ನೊಂದು ಸರಳ ಕಾರಣವನ್ನು ಯಾರೂ ನೋಡಲು ಮರೆಯಬಾರದು. ಒಂದೇ ಹೊಳ್ಳೆಯಿಂದ ಗಬ್ಬು ನಾರುವ ಸಿಂಬಳ ಸುರಿಯುತ್ತಿದ್ದರೆ ಅಲ್ಲಿ ಹುಣಸೆಬೀಜವೋ ಅವರೆಕಾಳೋ ಮಣಿಯೋ ಕೂತಿರುವ ಸಂಭವ ಹೆಚ್ಚು. ಮನೆಯಲ್ಲಿ ಚಿಮಟ ಹಾಕಿ ಕೀಳಲು ಹೋಗಬೇಡಿ, ಇನ್ನೂ ಒಳಗೆ ಸರಿಯುತ್ತದೆ. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ನಡೆದುಹೋಗುವಷ್ಟು ಹತ್ತಿರ. ಅದು ಗುಂಡಿ ಬ್ಯಾಟರಿಯೆಂಬ ಅನುಮಾನ ಬಂದರೆ ಒಂದು ಗಂಟೆಯನ್ನೂ ಕಾಯಬಾರದು.

ನಮ್ಮ ಹುಡುಗಿಯ ಮೂಗಿನಲ್ಲಿ ಏನೂ ಇರಲಿಲ್ಲ, ಮಾತೂ ಆಟವೂ ಸರಿಯಾಗಿವೆ ಎಂದರು ವೈದ್ಯರು. ಕಳೆದ ವಾರ ಅವಳನ್ನು ರಸೆಲ್ ಮಾರ್ಕೆಟ್ಟಿಗೆ ಹೂವಿನ ಕಡೆಯಿಂದ ಕರೆದುಕೊಂಡು ಹೋದೆ. ಮಲ್ಲಿಗೆ ಮೂಸಿದಳು, ಹಣ್ಣಿನ ಸಾಲಿನವರೆಗೆ ಬಂದಳು, ಅಲ್ಲಿ ನಿಂತು "ದೊಡ್ಡಮ್ಮ, ಮುಂದೆ ಮೀನು" ಎಂದಳು. ಅತ್ತಿಲ್ಲ. ಅಲ್ಲಿಂದಲೇ ತಿರುಗಿ ಬಂದೆವು. ಮೋರಿಯನ್ನು ಈಗ ಹತ್ತು ಎಣಿಸಿ ದಾಟುತ್ತಾಳೆ, ಏಳು ಆದ ಮೇಲೆ ನೇರ ಹತ್ತಕ್ಕೆ ಹಾರುತ್ತಾಳೆ. ಚಪ್ಪಡಿ ಇನ್ನೂ ಹಾಕಿಲ್ಲ.