ನಿಮಗಿದು ಗೊತ್ತೆ? ದಂಗೆಯನ್ನು ಹುಡುಗನ ಕಣ್ಣಲ್ಲಿ ತೋರಿಸಿದ ನಿರ್ದೇಶಕ

ಮಡಗಾಸ್ಕರ್ ಎಂದರೆ ನಮಗೆ ನೆನಪಾಗುವುದು ಲೀಮರ್‌ಗಳು, ಹೆಚ್ಚೆಂದರೆ ಹಾಲಿವುಡ್ಡಿನ ಕಾರ್ಟೂನ್ ಚಿತ್ರ. ಆ ದ್ವೀಪದ ಜನರ ಕಥೆಯನ್ನು ಜಗತ್ತಿನ ತೆರೆಗೆ ತಂದವರಲ್ಲಿ ಪ್ರಮುಖರು ರೇಮಂಡ್ ರಾಜೋನಾರಿವೆಲೊ.

1952ರಲ್ಲಿ ರಾಜಧಾನಿ ಅಂಟನಾನರಿವೊದಲ್ಲಿ ಹುಟ್ಟಿದ ಅವರು ಸಿನಿಮಾ ಕಲಿತದ್ದು ಫ್ರಾನ್ಸಿನಲ್ಲಿ. ಆದರೆ ಮೊದಲ ಕಥಾಚಿತ್ರ ‘ತಬತಬ’ಕ್ಕೆ (1988) ಆರಿಸಿಕೊಂಡ ವಸ್ತು ಫ್ರೆಂಚರ ಆಳ್ವಿಕೆಯ ವಿರುದ್ಧವೇ 1947ರ ಮಾರ್ಚ್ 29ರಂದು ಸಿಡಿದ ದಂಗೆ! ಇಲ್ಲಿ ವೀರಾವೇಶದ ಕಾದಾಟ ಹುಡುಕಬೇಡಿ. ದಂಗೆಕೋರರ ಜತೆ ಹೋದ ಅಣ್ಣ ಗೆದ್ದು ಬರುತ್ತಾನೆಂದು ಕಾಯುವ ಹಳ್ಳಿ ಹುಡುಗ ಸೋಲೊ, ಊರಿಗೆ ತೇಲಿಬರುವ ಗಾಳಿಸುದ್ದಿ, ಹಸಿವು, ಕೊನೆಗೆ ಸೈನಿಕರು. ಚಿತ್ರದ ಶಕ್ತಿ ಇರುವುದೇ ಈ ಕಾಯುವಿಕೆಯಲ್ಲಿ. ಅದು ಕಾನ್ ಉತ್ಸವದ ‘ನಿರ್ದೇಶಕರ ಪಾಕ್ಷಿಕ’ ವಿಭಾಗದಲ್ಲಿ ಪ್ರದರ್ಶನಗೊಂಡಿತು.

1996ರ ಎರಡನೆಯ ಕಥಾಚಿತ್ರದ್ದು ಇನ್ನೂ ವಿಚಿತ್ರ ಕಥೆ: ಸೂರ್ಯಗ್ರಹಣದ ದಿನ ಹುಟ್ಟಿದ ಶಿಶುವನ್ನು ದನದ ದೊಡ್ಡಿಯಲ್ಲಿ ಬಿಡುತ್ತಾರೆ, ತುಳಿತಕ್ಕೆ ಸಿಕ್ಕಿಯೂ ಉಳಿದರೆ ಬದುಕುವ ಹಕ್ಕು. (ಗ್ರಹಣದ ಭಯ ನಮ್ಮಲ್ಲಷ್ಟೇ ಇಲ್ಲ ನೋಡಿ.)

ಬ್ರೆಜಿಲ್ ಮೂಲದ ಸೀಸರ್ ಪಾಯೆಸ್ ಜತೆಗೂಡಿ 2005ರಲ್ಲಿ ಅವರು ತೆಗೆದ ಸಾಕ್ಷ್ಯಚಿತ್ರ ‘ಮಹಲೆಯೊ’. 1972ರ ವಿದ್ಯಾರ್ಥಿ ಚಳವಳಿಯ ನಡುವೆ ಹುಟ್ಟಿದ ಅದೇ ಹೆಸರಿನ ಹಾಡುಗಾರರ ತಂಡದ ಕಥೆ ಅದು.