ಬೊಡ್ಡೆಯೊಳಗಿನ ಕಾಡು

ಮೇ ತಿಂಗಳ ನಡುಹಗಲು. ನೈಜರ್ ದೇಶದ ದಕ್ಷಿಣದ ಅಂಚಿನಲ್ಲಿ, ನೈಜೀರಿಯದ ಗಡಿಗೆ ತಾಗಿಕೊಂಡಿರುವ ಮರಾದಿ ಸೀಮೆ. ಬಿಸಿಲು ನಲವತ್ತು ಡಿಗ್ರಿ ದಾಟಿದೆ. ನೆಲವೆಲ್ಲ ಮರಳು, ಕಾಲಿಟ್ಟರೆ ಹಿಮ್ಮಡಿ ಹೂತುಹೋಗುವಷ್ಟು ಸಡಿಲ. ಹೊಲಗಳಲ್ಲಿ ಹೋದ ಸುಗ್ಗಿಯ ಸಜ್ಜೆಯ ಕೂಳೆ ಅಲ್ಲಲ್ಲಿ ಉಳಿದಿದೆ, ಬೇರೆ ಬೆಳೆಯಿಲ್ಲ. ಆದರೂ ಕಣ್ಣು ಹಾಯಿಸಿದಷ್ಟು ದೂರ ಹೊಲದೊಳಗೇ ಮರಗಳು ನಿಂತಿವೆ. ಒಂದೊಂದರ ಬುಡದಲ್ಲೂ ತಟ್ಟೆಯಗಲದ ನೆರಳು, ಆ ನೆರಳಿನಲ್ಲಿ ಮರಾದಿಯ ಹೆಸರಾಂತ ಕೆಂಪು ಆಡುಗಳು. ಮೈ ಮಿರುಗುವ ಈ ಆಡುಗಳ ಚರ್ಮಕ್ಕೆ ದೂರದೂರದ ಊರುಗಳಲ್ಲಿ ಬೇಡಿಕೆಯಿದೆ. ಮರದಿಂದ ಉದುರಿದ ಸುರುಳಿಸುತ್ತಿನ ಕಾಯಿಗಳನ್ನು ಅವು ಕಟಕಟನೆ ಅಗಿಯುತ್ತಿವೆ.

ಆ ಮರದ ಹೆಸರು ಗಾವೊ. ನಮ್ಮ ಜಾಲಿಯ ಬಳಗದ್ದು. ಇದರ ಕಾಲಚಕ್ರವೇ ತಿರುಗುಮುರುಗು. ಊರಿನ ಗಿಡವೆಲ್ಲ ಒಣಗಿ ನಿಂತಾಗ ಇದು ಹಸಿರಾಗಿರುತ್ತದೆ, ಮಳೆ ಬಿದ್ದು ಲೋಕವೆಲ್ಲ ಚಿಗುರುವಾಗ ಎಲೆ ಉದುರಿಸಿ ಬೋಳಾಗುತ್ತದೆ. ಬೆಳೆ ಮೇಲೇಳುವ ಹೊತ್ತಿಗೆ ಮರ ಬಿಸಿಲನ್ನು ತಡೆಯುವುದಿಲ್ಲ, ಉದುರಿದ ಎಲೆ ಬುಡದಲ್ಲೇ ಗೊಬ್ಬರವಾಗುತ್ತದೆ, ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತದೆ. ಬಡ ಒಕ್ಕಲಿಗನಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ.

ಇದೇ ಬಯಲು 1980ರ ಸುಮಾರಿಗೆ ಬೋಳುಬೋಳಾಗಿತ್ತು. ಮೊದಲ ಮಳೆಗೆ ಬಿತ್ತಿದ ಸಜ್ಜೆ ಮೊಳಕೆಯೊಡೆದು ಎರಡೆಲೆ ಬಿಡುವಷ್ಟರಲ್ಲಿ ಗಾಳಿ ಏಳುತ್ತಿತ್ತು. ತಡೆಯಲು ಒಂದು ಪೊದೆಯೂ ಇಲ್ಲದ ಬಯಲಿನಲ್ಲಿ ಆ ಗಾಳಿ ಮರಳನ್ನು ಹೊತ್ತು ಬಂದು ಎಳೆಯ ಸಸಿಗಳನ್ನು ಮರಳುಕಾಗದದಿಂದ ತಿಕ್ಕಿದಂತೆ ಸವೆಸಿ, ಉಳಿದದ್ದನ್ನು ಹೂತುಬಿಡುತ್ತಿತ್ತು. ಮತ್ತೆ ಬಿತ್ತನೆ, ಮತ್ತೆ ಗಾಳಿ. ಒಂದೇ ಮುಂಗಾರಿನಲ್ಲಿ ಮೂರು ನಾಲ್ಕು ಸಲ ಬಿತ್ತಿ, ಮನೆಯಲ್ಲಿದ್ದ ತಿನ್ನುವ ಕಾಳನ್ನೂ ಬೀಜಕ್ಕೆ ಸುರಿದ ಸಂಸಾರಗಳು ಲೆಕ್ಕವಿಲ್ಲದಷ್ಟು. ಒಲೆಗೆ ಸೌದೆ ಇರಲಿಲ್ಲ. ಸಜ್ಜೆದಂಟು, ಸಗಣಿ ಒಲೆ ಸೇರುತ್ತಿದ್ದವು, ಹೊಲಕ್ಕೆ ಗೊಬ್ಬರ ಇಲ್ಲವಾಗುತ್ತಿತ್ತು.

ಮರ ಏಕೆ ಹೋದವು? ಬರ ಬಂದದ್ದು ನಿಜ. 1970ರ ದಶಕದ ಮೊದಲಲ್ಲಿ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸಾಹೆಲ್ ಪಟ್ಟಿಯುದ್ದಕ್ಕೂ ಜನ, ದನ ಸತ್ತ ಬರ ಅದು. ಹೊಲವನ್ನು ಚೊಕ್ಕಟ ಮಾಡಿ ಶೇಂಗಾ ಬೆಳೆಯಿರಿ ಎಂದು ಫ್ರೆಂಚರ ಆಳ್ವಿಕೆ ಕಲಿಸಿದ ಪಾಠವೂ ಸೇರಿಕೊಂಡಿತ್ತು. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಅರಣ್ಯದ ಕಾನೂನು. ಹೊಲ ರೈತನದು, ಅದರಲ್ಲಿ ಬೆಳೆದ ಮರ ಸರ್ಕಾರದ್ದು. ತಾನೇ ಕಾಯ್ದು ಬೆಳೆಸಿದ ಮರದ ಕೊಂಬೆಯನ್ನು ಒಪ್ಪಿಗೆಯಿಲ್ಲದೆ ಕಡಿದರೂ ದಂಡ ಕಟ್ಟಬೇಕಿತ್ತು. ಹೀಗಿರುವಾಗ ಯಾರು ಮರ ಬೆಳೆಸುತ್ತಾರೆ? ಚಿಗುರಿನಲ್ಲೇ ಕಿತ್ತರೆ ಅದು ಮರವಾಗುವುದಿಲ್ಲ, ಮರವಾಗದಿದ್ದರೆ ಗಾರ್ಡು ಬಾಗಿಲಿಗೆ ಬರುವುದಿಲ್ಲ. ರೈತರು ವರ್ಷವರ್ಷವೂ ಬಿತ್ತನೆಗೆ ಮುಂಚೆ ಹೊಲದ ಚಿಗುರುಗಳನ್ನೆಲ್ಲ ಸವರಿಹಾಕಿದ್ದರಲ್ಲಿ ದಡ್ಡತನವೇನೂ ಇರಲಿಲ್ಲ.

ಹೊರಗಿನವರು ಸಸಿ ನೆಡಲು ಬಂದರು. ಆಸ್ಟ್ರೇಲಿಯದ ಕೃಷಿ ಪದವೀಧರ ಟೋನಿ ರಿನಾಡೊ ಅವರಲ್ಲೊಬ್ಬರು, ಕ್ರೈಸ್ತ ಸೇವಾಸಂಸ್ಥೆಯೊಂದರ ಪರವಾಗಿ ಬಂದವರು. ನರ್ಸರಿಯಲ್ಲಿ ಬೆಳೆಸಿ ಊರೂರಿಗೆ ಹಂಚಿದ ಸಸಿಗಳಲ್ಲಿ ಬಹುಪಾಲು ಬಿಸಿಲಿಗೋ ಆಡಿಗೋ ಗೆದ್ದಲಿಗೋ ಬಲಿಯಾದವು. 1983ರಲ್ಲಿ ಒಂದು ದಿನ ಸಸಿಗಳ ಟ್ರೇಲರ್ ಎಳೆದುಕೊಂಡು ಹೊರಟ ರಿನಾಡೊ, ಮರಳಿನಲ್ಲಿ ಗಾಡಿ ಸಾಗಲೆಂದು ಚಕ್ರದ ಗಾಳಿ ಇಳಿಸಲು ನಿಂತರು. ಪಕ್ಕದಲ್ಲೊಂದು ಕುರುಚಲು ಪೊದೆಯಿತ್ತು. ಹತ್ತಿರ ಹೋಗಿ ಎಲೆ ನೋಡಿದರೆ ಅದು ಪೊದೆಯಲ್ಲ. ಕಡಿದ ಮರದ ಬೊಡ್ಡೆ ಒಡೆದು ಹತ್ತಾರು ಕವಲಾಗಿ ಚಿಗುರಿತ್ತು. ಕೆಳಗೆ ಬೇರು ಜೀವಂತವಾಗಿದೆ, ನೀರಿನ ದಾರಿ ಅದಕ್ಕೆ ಗೊತ್ತಿದೆ. ಅಂಥ ಬೊಡ್ಡೆಗಳು ಸೀಮೆಯ ತುಂಬ ಲಕ್ಷಗಟ್ಟಲೆ ಇದ್ದವು. ನೆಡುವ ಕೆಲಸವೇ ಇರಲಿಲ್ಲ, ಕಡಿಯುವುದನ್ನು ನಿಲ್ಲಿಸಿದ್ದರೆ ಸಾಕಿತ್ತು. ಕಡಿದ ಬುಡ ಚಿಗುರುತ್ತದೆಂಬುದು ಅಲ್ಲಿನ ಹಿರಿಯರಿಗೆ ಹೊಸದೇನಲ್ಲ. ಆ ತಿಳಿವಳಿಕೆಯನ್ನು ಬಳಸುವ ಧೈರ್ಯವನ್ನು ಕಾನೂನು ಕಿತ್ತುಕೊಂಡಿತ್ತು.

ಕೆಲಸ ಸರಳ. ಒಣಗಾಲದಲ್ಲಿ ರೈತ ಬೊಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಕೈಯಲ್ಲಿ ಹರಿತವಾದ ಮಚ್ಚು. ಹತ್ತಿಪ್ಪತ್ತು ಕವಲುಗಳಲ್ಲಿ ನೆಟ್ಟಗಿರುವ, ದಪ್ಪನೆಯ ಮೂರೋ ನಾಲ್ಕೋ ಐದೋ ಆರಿಸುತ್ತಾನೆ. ಉಳಿದವನ್ನು ಕಡಿದು ಪಕ್ಕಕ್ಕಿಟ್ಟರೆ ಅವು ಆ ವಾರದ ಸೌದೆ. ಆರಿಸಿದವುಗಳ ಅಡ್ಡರೆಂಬೆಗಳನ್ನು ಅರ್ಧ ಎತ್ತರದವರೆಗೆ ಕೆಳಗಿನಿಂದ ಮೇಲಕ್ಕೆ, ಸಿಪ್ಪೆ ಸುಲಿಯದಂತೆ ಸವರುತ್ತಾನೆ. ಮುಂದಿನ ವರ್ಷ ಒಂದು ಕವಲು ಮನೆಗೆ, ಅದರಾಚೆ ವರ್ಷ ಇನ್ನೊಂದು. ಬೇರು ಹಳೆಯದಾದ್ದರಿಂದ ಚಿಗುರು ನೋಡನೋಡುತ್ತ ಆಳೆತ್ತರ ದಾಟುತ್ತದೆ. ಹೀಗೆ ಎದ್ದ ಮರಗಳಲ್ಲಿ ಗಾವೊ ಒಂದೇ ಅಲ್ಲ. ತೊಗಟೆಯಿಂದ ಹಗ್ಗ ಹೊಸೆಯಲು ಬರುವ, ದನಕ್ಕೆ ಕಾಯಿ ಕೊಡುವ ಕಾಲ್ಗೊ ಉಂಟು, ಬೆಂಕಿಗೂ ಔಷಧಕ್ಕೂ ಆಗುವ ಸಬಾರ ಉಂಟು.

ಆದರೆ ಇದು ಸಲೀಸಾಗಿ ಹಬ್ಬಲಿಲ್ಲ. ಮೊದಲು ಒಪ್ಪಿದವರು ಹತ್ತು ಮಂದಿ ರೈತರಷ್ಟೆ, ಅವರನ್ನು ನೋಡಿ ಊರು ನಕ್ಕಿತು. 1984ರಲ್ಲಿ ಮತ್ತೆ ಭೀಕರ ಬರ ಬಿತ್ತು. ಹೊಲದಲ್ಲಿ ಮರ ಉಳಿಸಿದವರಿಗೆ ಕೂಲಿಗೆ ಬದಲಾಗಿ ಕಾಳು ಕೊಡುವ ವ್ಯವಸ್ಥೆಯಾಯಿತು, ಊರೂರಲ್ಲಿ ಮರ ಎದ್ದವು. ಕಾಳು ನಿಂತದ್ದೇ ಬಹಳ ಮಂದಿ ಮತ್ತೆ ಕಡಿದರು. ಉಳಿಸಿಕೊಂಡವರ ಹೊಲದಲ್ಲಿ ಗಾಳಿ ತಗ್ಗಿತು, ಒಂದೇ ಬಿತ್ತನೆಗೆ ಪೈರು ನಿಂತಿತು. ಅದನ್ನು ನೆರೆಯವರು ಬದುವಿನಿಂದಲೇ ನೋಡಿದರು. ಮರಾದಿಯ ಅರಣ್ಯಾಧಿಕಾರಿಗಳೂ ರೈತರು ಕಾಯ್ದ ಮರಗಳ ವಿಷಯದಲ್ಲಿ ದಂಡ ಹಾಕುವುದನ್ನು ಸಡಿಲಿಸಿದರು. ಮರ ನಮ್ಮದೆಂಬ ನಂಬಿಕೆ ಬೇರೂರಿದ ಮೇಲೆ ಯಾವ ಯೋಜನೆಯೂ ಬೇಕಾಗಲಿಲ್ಲ, ಊರಿಂದೂರಿಗೆ ಬಾಯಿಮಾತಿನಲ್ಲೇ ಸಾಗಿತು. ಉಪಗ್ರಹದ ಚಿತ್ರಗಳನ್ನು ಹಳೆಯ ವೈಮಾನಿಕ ಚಿತ್ರಗಳ ಜೊತೆಗಿಟ್ಟು ಗ್ರೇ ಟ್ಯಾಪನ್, ಕ್ರಿಸ್ ರೇ ಮೊದಲಾದ ತಜ್ಞರು ಎರಡು ದಶಕಗಳ ಬಳಿಕ ಅಳೆದಾಗ ನೈಜರ್‌ನಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲದಲ್ಲಿ ಮರ ಮರಳಿತ್ತು. ಮರಗಳು ಅಂದಾಜು 20 ಕೋಟಿ.

ಜೂನಿನಲ್ಲಿ ಮೊದಲ ಮಳೆ ಬಿದ್ದಾಗ ಊರಿಗೆ ಊರೇ ಹೊಲದಲ್ಲಿರುತ್ತದೆ. ಉದ್ದ ಹಿಡಿಯ ಗುದ್ದಲಿ ಹಿಡಿದವನು ನಡೆಯುತ್ತಲೇ ಗುಣಿ ತೆಗೆಯುತ್ತ ಮುಂದೆ ಹೋಗುತ್ತಾನೆ. ಹಿಂದೆ ಹೆಂಗಸರು, ಮಕ್ಕಳು. ಸೋರೆಬುರುಡೆಯಿಂದ ಚಿಟಿಕೆ ಸಜ್ಜೆ ಗುಣಿಗೆ ಬಿಟ್ಟು ಪಾದದಿಂದ ಮಣ್ಣೆಳೆದು ಮುಚ್ಚಿ ಮುಂದಿನ ಗುಣಿಗೆ ನಡೆಯುತ್ತಾರೆ. ಸಾಲಿನ ನಡುವೆ ಅಲಸಂದೆ ಬೀಳುತ್ತದೆ. ಈ ಸಜ್ಜೆ, ಅಲಸಂದೆ ಎರಡೂ ಆಫ್ರಿಕದ ತವರಿನಿಂದಲೇ ಸಾವಿರಾರು ವರ್ಷಗಳ ಹಿಂದೆ ನಮಗೆ ಬಂದವು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಜ್ಜೆಯ ಪುರಾತನ ಕಾಳು ಸಿಕ್ಕಿದೆ. ನಮ್ಮ ಬಯಲುಸೀಮೆಯ ಸಜ್ಜೆರೊಟ್ಟಿ ಉಂಡವರಿಗೆ ಸಾಹೆಲ್‌ನ ಒಕ್ಕಲಿಗನ ಋಣವಿದೆ, ಆತನ ಕಷ್ಟ ನಮಗೆ ದೂರದ ಸುದ್ದಿಯಾಗಬಾರದು.

ಸುಗ್ಗಿಯ ನಂತರದ ಮುಂಜಾವುಗಳಲ್ಲಿ ಒನಕೆಯ ಸದ್ದಿಗೆ ಊರು ಏಳುತ್ತದೆ. ಎದುರುಬದುರು ನಿಂತ ಇಬ್ಬರು ಹೆಂಗಸರು ಮರದ ಒರಳಿಗೆ ಸರದಿಯಂತೆ ಒನಕೆ ಹಾಕುತ್ತಾರೆ, ಬೆನ್ನಿಗೆ ಕಟ್ಟಿದ ಕೂಸು ಆ ಲಯಕ್ಕೇ ನಿದ್ದೆ ಹೋಗಿರುತ್ತದೆ. ಹಿಟ್ಟಿನ ಉಂಡೆ ಬೇಯಿಸಿ ಹುಳಿಹಾಲಿನಲ್ಲಿ ಕಿವುಚಿದರೆ ಫುರಾ. ರಾತ್ರಿಗೆ ನಮ್ಮ ಮುದ್ದೆಯ ಜಾತಿಯ ತುವೊ, ಜೊತೆಗೆ ಬಾವೊಬಾಬ್ ಮರದ ಎಲೆಯ ಪುಡಿ ಕದಡಿದ ಲೋಳೆಸಾರು. ಮರಾದಿಯ ಪಕ್ಕದ ಜಿಂದೆರ್ ಸೀಮೆಯ ಅಧ್ಯಯನವೊಂದರ ಪ್ರಕಾರ 1984ರಲ್ಲಿ ಸೌದೆಗೆಂದು ಹೆಂಗಸರು ದಿನಕ್ಕೆ ಎರಡೂವರೆ ಗಂಟೆ ಕಳೆಯುತ್ತಿದ್ದರು, ಮರ ಮರಳಿದ ಮೇಲೆ ಅದು ಅರ್ಧ ಗಂಟೆಗೆ ಇಳಿಯಿತು. ಉಳಿದ ಎರಡು ಗಂಟೆಯಲ್ಲಿ ಆಡು ಸಾಕಬಹುದು, ಎಲೆ ಒಣಗಿಸಿ ಸಂತೆಗೆ ಒಯ್ಯಬಹುದು, ಸುಮ್ಮನೆ ಕೂತು ಸುಧಾರಿಸಿಕೊಳ್ಳಬಹುದು. ವರದಿಗಳು ಇಳುವರಿಯನ್ನೇ ಎತ್ತಿ ಹೇಳುತ್ತವೆ. ನನಗೆ ಈ ಎರಡು ಗಂಟೆಯೇ ದೊಡ್ಡದು.

ಮರಾದಿ ಸೀಮೆಯ ಅಗುಯೆ ಪ್ರಾಂತದ ದಾನ್ ಸಾಗಾ ಊರಿನಲ್ಲಿ ಮರ ಕಾಯಲು ಊರವರದೇ ಸಮಿತಿಯಿದೆ, ಸೌದೆ ಮಾರಲು ಊರವರದೇ ಮಂಡಿಯಿದೆ. 2005ರಲ್ಲಿ ಕಾಳಿನ ಅಭಾವ ಬಂದಾಗ ಮರವಿದ್ದ ಊರುಗಳವರು ಕೊಂಬೆ ಮಾರಿ ಕಾಳು ಕೊಂಡು ಆ ವರ್ಷ ದಾಟಿದರು.

ಬಡತನ ತೊಲಗಿತೆಂದು ಹೇಳಲಾರೆ. 1960ರಲ್ಲಿ ಮೂವತ್ತು ಲಕ್ಷ ಚಿಲ್ಲರೆಯಿದ್ದ ನೈಜರ್‌ನ ಜನಸಂಖ್ಯೆ ಈಗ ಎರಡೂವರೆ ಕೋಟಿ ಮೀರಿದೆ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ತುಂಡಾಗುತ್ತಲೇ ಇದೆ, ಹೆಣ್ಣುಮಕ್ಕಳಿಗೆ ಭೂಮಿಯ ಪಾಲು ಸಿಗುವುದೇ ಅಪರೂಪ. ಗಡಿಯ ಹಳ್ಳಿಗಳಲ್ಲಿ ಬಂದೂಕು ಹಿಡಿದ ಡಕಾಯಿತರು ದನ ಹೊಡೆದೊಯ್ಯುತ್ತಾರೆ, ಜನರನ್ನೂ ಅಪಹರಿಸುತ್ತಾರೆ. 2023ರ ಸೇನಾಕ್ರಾಂತಿಯ ಬಳಿಕ ಗಡಿ ಮುಚ್ಚಿ ಕಾಳಿನ ಬೆಲೆ ಏರಿತು. ಇಷ್ಟರ ನಡುವೆಯೂ ಮರಗಳು ನಿಂತಿವೆ. ರೈತ ಕಾಯ್ದು ಬೆಳೆಸಿದ ಮರದ ಮೇಲೆ ಅವನ ಹಕ್ಕನ್ನು ಮಾನ್ಯಮಾಡುವ ಆದೇಶ 2020ರಲ್ಲಿ ಬಂತು. ರೈತರು ಮೂರೂವರೆ ದಶಕ ಕೈಯಾರೆ ಮಾಡಿ ತೋರಿಸಿದ್ದಕ್ಕೆ ಸರ್ಕಾರದ ಮೊಹರು ಬಿದ್ದದ್ದು ಅಷ್ಟು ತಡವಾಗಿ.

ಮರಾದಿಯ ವಿದ್ಯೆ ಆಚೆಗೂ ನಡೆದಿದೆ. ಸೆನೆಗಲ್‌ನ ಕಾಫ್ರೀನ್‌ನಲ್ಲಿ ರೈತರು ಶೇಂಗಾ ಹೊಲಗಳ ಬೊಡ್ಡೆಗಳನ್ನು ಕಡಿಯದೆ ಚಿಗುರಲು ಬಿಟ್ಟಿದ್ದಾರೆ. ಇಥಿಯೋಪಿಯದ ಹಂಬೊದಲ್ಲಿ 2006ರಿಂದ ಸುಮಾರು 2,700 ಹೆಕ್ಟೇರ್ ಬೋಳುಗುಡ್ಡವನ್ನು ಏಳು ಸಹಕಾರ ಸಂಘಗಳು ಇದೇ ಬಗೆಯಲ್ಲಿ ಚಿಗುರಿಸಿವೆ. ಕಾಡು ಹೀರಿಕೊಂಡ ಇಂಗಾಲಕ್ಕೆ ಹಣ ಬಂತು, ಆ ಹಣದಲ್ಲಿ ಸಂಘಗಳು ಕಾಳಿನ ಗೋದಾಮು ಕಟ್ಟಿಸಿ ಹಿಟ್ಟಿನ ಗಿರಣಿ ಹಾಕಿಸಿದವು. ಅಲ್ಲಿಯೂ ಗುಡ್ಡವನ್ನು ಬಳಸುವ ಹಕ್ಕನ್ನು ಬರಹದಲ್ಲಿ ಸಂಘಗಳ ಕೈಗೆ ಕೊಟ್ಟಿದ್ದರು.