ಒಂಬತ್ತನೇ ವರ್ಣತಂತುವಿನ ತುದಿಯಲ್ಲಿದ್ದ ಉತ್ತರ

ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. ಹುಡುಗಿ ಕಣ್ಣೆದುರು ಬೆಳೆದವಳು. ತೆಂಗಿನ ತೋಟ, ಅಡಿಕೆ ತೋಟ ಹೊರಗಿನವರ ಪಾಲಾಗುವುದಿಲ್ಲ. ಮುಪ್ಪಿನಲ್ಲಿ ನೋಡಿಕೊಳ್ಳಲು ಬಂದ ಸೊಸೆ ಮೊಮ್ಮಗಳೇ ಆಗಿರುತ್ತಾಳೆ. ಇಂಥ ಮನೆಯಲ್ಲಿ ಆಡಿಕೊಂಡಿದ್ದ ಕೂಸು ಒಂದು ಜ್ವರ ಬಂದು ಹೋದ ಮೇಲೆ ಕತ್ತು ನಿಲ್ಲಿಸದೆ ಹೋದರೆ, ಕಣ್ಣುಗುಡ್ಡೆ ಅತ್ತಿತ್ತ ಅಲುಗತೊಡಗಿದರೆ, ಹಾಲು ನುಂಗಲು ಕಷ್ಟಪಟ್ಟರೆ, ಎಲ್ಲರೂ ಮೊದಲು ನೋಡುವುದು ತಾಯಿಯ ಮುಖವನ್ನು. ಬಸುರಿನಲ್ಲಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಹೋಗಿದ್ದಳೇ, ಅವಳ ತವರಿನಲ್ಲಿ ಹೀಗೆ ಯಾರಿಗಾದರೂ ಆಗಿತ್ತೇ ಎಂಬ ಪ್ರಶ್ನೆಗಳು ಏಳುತ್ತವೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ 'ಇದು ಮೈಟೊಕಾಂಡ್ರಿಯದ ಕಾಯಿಲೆ' ಎಂದು ಕೇಳಿಸಿಕೊಂಡು ಬಂದ ಮೇಲೂ ಆ ನೋಟ ಬದಲಾಗದೆ ಇರಬಹುದು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ ಎಂದು ಕಾಲೇಜಿಗೆ ಹೋಗುವ ಚಿಕ್ಕಪ್ಪನೋ ಅಣ್ಣನೋ ಪುಸ್ತಕದಲ್ಲಿ ಓದಿರುತ್ತಾನೆ. ಓದಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧ ತಿಳಿಯಲು ವಿಜ್ಞಾನಿಗಳಿಗೇ ನಲವತ್ತೇಳು ವರ್ಷ ಹಿಡಿಯಿತು.

1951ರಲ್ಲಿ ಲಂಡನ್ನಿನ ಡೆನಿಸ್ ಲೀ ಎಂಬ ವೈದ್ಯರು ಏಳು ತಿಂಗಳ ಗಂಡುಮಗುವೊಂದರ ಮೆದುಳನ್ನು ಪರೀಕ್ಷಿಸಿ ಬರೆದರು. ಮಗು ತೀರಿಕೊಂಡಿತ್ತು. ಮೆದುಳಿನ ಒಳಭಾಗದಲ್ಲಿ, ಮೆದುಳುಕಾಂಡದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಜಾಗದಲ್ಲಿ ಅಂಗಾಂಶ ಸತ್ತಿತ್ತು. ಬಿ-1 ಜೀವಸತ್ವದ ಕೊರತೆಯಿಂದ ಹಾಳಾದ ಮೆದುಳನ್ನು ಅದು ಹೋಲುತ್ತಿದೆ ಎಂದು ಲೀ ಗುರುತಿಸಿದರು. ಅದು ಚುರುಕಿನ ಗಮನಿಕೆ. ಬಿ-1 ಇಲ್ಲದಿದ್ದರೆ ಕೋಶ ಸಕ್ಕರೆಯಿಂದ ಸರಿಯಾಗಿ ಶಕ್ತಿ ತೆಗೆಯಲಾರದು. ಈ ಮಗುವಿನ ಮೆದುಳೂ ಶಕ್ತಿ ಸಾಲದೆ ಸತ್ತಂತೆ ಕಾಣುತ್ತಿತ್ತು. ಏಕೆ ಸಾಲಲಿಲ್ಲ ಎನ್ನುವುದಕ್ಕೆ ಆಗ ಉತ್ತರವಿರಲಿಲ್ಲ.

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡು. ಉಸಿರಿನ ಆಮ್ಲಜನಕದಲ್ಲಿ ಅದು ಬಳಸುವುದು ನೂರಕ್ಕೆ ಇಪ್ಪತ್ತರಷ್ಟು. ಆ ಆಮ್ಲಜನಕವೆಲ್ಲ ಹೆಚ್ಚೂಕಡಿಮೆ ಒಂದೇ ಕಡೆ ಸೇರುತ್ತದೆ: ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಕೂತಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವದ ಬಳಿ. ಪ್ರಯೋಗಶಾಲೆಯಲ್ಲಿ ಅದನ್ನು ಕರೆಯುವುದು 'ಕಾಕ್ಸ್' ಎಂದು. 1977ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಲೀ ಅವರ ಹೆಸರು ಹೊತ್ತ ಈ ಕಾಯಿಲೆಯ ಮಗುವೊಂದರ ಸ್ನಾಯುವಿನಲ್ಲಿ ಕಾಕ್ಸ್ ಕೊರತೆ ಕಂಡರು. ಮುಂದಿನ ವರ್ಷಗಳಲ್ಲಿ ಹಲವು ದೇಶಗಳ ಮಕ್ಕಳಲ್ಲಿ ಅದೇ ಕಂಡುಬಂತು. ಶಕ್ತಿ ಎಲ್ಲಿ ಸೋರುತ್ತಿದೆ ಎಂಬುದು ತಿಳಿಯಿತು. ತಪ್ಪು ಯಾವ ಜೀನಿನದು?

ಮೈಟೊಕಾಂಡ್ರಿಯಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ. 1981ರಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ಪೂರ್ತಿ ಓದಿದರು: 16,569 ಅಕ್ಷರ, 37 ಜೀನ್. ಅದರಿಂದ ತಯಾರಾಗುವ ಪ್ರೋಟೀನುಗಳು ಬರೀ 13. ಮೈಟೊಕಾಂಡ್ರಿಯ ಕೆಲಸ ಮಾಡಲು ಸಾವಿರಕ್ಕೂ ಹೆಚ್ಚು ಪ್ರೋಟೀನು ಬೇಕು. ಉಳಿದವೆಲ್ಲ ಕೋಶಕೇಂದ್ರದ ಜೀನುಗಳ ಅಪ್ಪಣೆಯಂತೆ ಹೊರಗೆ ತಯಾರಾಗಿ ಒಳಕ್ಕೆ ಹೋಗುತ್ತವೆ. ಆ ಜೀನುಗಳು ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ ಬಂದವು. ಕಾಕ್ಸ್ ಕೂಡ ಹೀಗೆ ಎರಡೂ ಕಡೆಯ ಸೇರಿಕೆಯಿಂದ ಆದದ್ದು. ಅದರ ಮೂರು ಭಾಗ ಮೈಟೊಕಾಂಡ್ರಿಯದ ಜೀನಿನಿಂದ, ಮಿಕ್ಕವು ಕೋಶಕೇಂದ್ರದಿಂದ.

ತಪ್ಪು ಯಾವ ಕಡೆಯದೆಂದು ತಿಳಿಯಲು ಮಾಡಿದ ಪ್ರಯೋಗ ನನಗೆ ಈ ಕತೆಯಲ್ಲೆಲ್ಲ ಹೆಚ್ಚು ಇಷ್ಟ. ಕಾಯಿಲೆಯ ಮಗುವಿನ ಚರ್ಮದಿಂದ ಬೆಳೆಸಿದ ಕೋಶವನ್ನು, ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಪೂರ್ತಿ ಅಳಿಸಿಹಾಕಿದ ಇನ್ನೊಂದು ಕೋಶದ ಜೊತೆ ಬೆಸೆದರು. ಬೆಸೆದ ಕೋಶದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಎಂದರೆ ಮಗುವಿನದೊಂದೇ. ಹೊಸದಾಗಿ ಬಂದದ್ದು ಆರೋಗ್ಯವಂತ ಕೋಶಕೇಂದ್ರ. ಕಾಕ್ಸ್ ಮತ್ತೆ ಕೆಲಸ ಶುರುಮಾಡಿತು! ತಾಯಿಯಿಂದ ಮಾತ್ರ ಬಂದ ಆ ಡಿಎನ್‌ಎಯಲ್ಲಿ ದೋಷವಿರಲಿಲ್ಲ ಎಂದಾಯಿತು. ತಟ್ಟೆಯ ತಳದಲ್ಲಿ ಬೆಳೆದ ಕೋಶಗಳಷ್ಟು ಸ್ಪಷ್ಟವಾಗಿ ಆ ಮಾತನ್ನು ಬೇರೆ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಹಾಗಿದ್ದರೆ ಕಾಕ್ಸ್‌ಗೆ ಭಾಗಗಳನ್ನು ಒದಗಿಸುವ ಕೋಶಕೇಂದ್ರದ ಜೀನುಗಳಲ್ಲೇ ದೋಷ ಇರಬೇಕು ಎಂದು ಒಂದೊಂದನ್ನೇ ಓದಿದರು. ಎಲ್ಲವೂ ಸರಿಯಾಗಿದ್ದವು. ಹುಡುಕಾಟ ಅಲ್ಲಿಗೆ ನಿಂತಂತೆ ಕಂಡಿತು. ಆಗ ಸುಳಿವು ಬಂದದ್ದು ಯೀಸ್ಟ್‌ನಿಂದ. ಅಮೆರಿಕದಲ್ಲಿ ಅಲೆಕ್ಸಾಂಡರ್ ಟ್ಸಾಗೊಲಾಫ್ ಅವರ ತಂಡ ಉಸಿರಾಡಲಾರದ ಯೀಸ್ಟ್ ತಳಿಗಳನ್ನು ಪರೀಕ್ಷಿಸುತ್ತಿತ್ತು. 1997ರಲ್ಲಿ ಅವರು 'ಶೈ1' ಎಂಬ ಯೀಸ್ಟ್ ಜೀನನ್ನು ವಿವರಿಸಿದರು. ಅದು ಕೆಟ್ಟರೆ ಕಾಕ್ಸ್ ಸರಿಯಾಗಿ ಆಗುವುದಿಲ್ಲ. ಮನುಷ್ಯನಲ್ಲಿ ಅದರ ಜೋಡಿ 'ಸರ್ಫ್1'. ಅದು ಕಾಕ್ಸ್‌ನ ಭಾಗವೇ ಅಲ್ಲ, ಭಾಗಗಳನ್ನು ಕೂಡಿಸಲು ನೆರವಾಗುವ ಪ್ರೋಟೀನು. ಮನೆ ಏಳದೆ ಇದ್ದದ್ದಕ್ಕೆ ಎಲ್ಲರೂ ಕಂಬ, ತೊಲೆ, ಹೆಂಚು ಪರೀಕ್ಷಿಸುತ್ತಿದ್ದರು, ಬಾರದೆ ಇದ್ದವನು ಗಾರೆಯವನು.

1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಗುರಿ ಮುಟ್ಟಿದವು. ಕೆನಡಾದ ಮಾಂಟ್ರಿಯಲ್‌ನಲ್ಲಿ ಎರಿಕ್ ಶೂಬ್ರಿಜ್ ಅವರ ತಂಡ ಆರೋಗ್ಯವಂತ ಮನುಷ್ಯನ ವರ್ಣತಂತುಗಳನ್ನು ಒಂದೊಂದಾಗಿ ಮಗುವಿನ ಕೋಶಕ್ಕೆ ಸೇರಿಸಿ ನೋಡಿತು. ಒಂಬತ್ತನೆಯದು ಸೇರಿದಾಗ ಕಾಕ್ಸ್ ಮರಳಿತು. ಅದರ ಉದ್ದನೆಯ ತೋಳಿನ ತುದಿಯಲ್ಲಿ ಸರ್ಫ್1 ಕೂತಿತ್ತು. ಇಟಲಿಯ ಮಿಲಾನಿನಲ್ಲಿ ಮಾಸ್ಸಿಮೊ ಝೆವಿಯಾನಿ ಅವರ ತಂಡವೂ ಅದೇ ಜೀನಿಗೆ ಬಂದು ತಲುಪಿತು. ಅಪ್ಪನ ಪ್ರತಿಯೂ ಅಮ್ಮನ ಪ್ರತಿಯೂ ಎರಡೂ ಕೆಟ್ಟಿದ್ದರೆ ಮಾತ್ರ ಮಗುವಿಗೆ ಸರ್ಫ್1ರಿಂದ ಆಗುವ ಈ ಕಾಯಿಲೆ. ಒಂದು ಪ್ರತಿ ಚೆನ್ನಾಗಿದ್ದವರು ಜೀವಮಾನವಿಡೀ ಏನೂ ಆಗದೆ ಓಡಾಡಿಕೊಂಡಿರುತ್ತಾರೆ.

ನಮ್ಮ ಕಡೆಯ ಮನೆಗಳಿಗೆ ಇದು ತಾಗುವುದು ಇಲ್ಲಿಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ರಾಧಾ ರಮಾ ದೇವಿ ಮತ್ತು ಬ್ರಿಟನ್ನಿನ ಎ.ಎಚ್. ಬಿಟ್ಟಲ್ಸ್ ಕರ್ನಾಟಕದ ನವಜಾತ ಶಿಶುಗಳ ತಪಾಸಣೆ ಆಧರಿಸಿ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಶಿಶುಗಳ ತಂದೆತಾಯಿಗಳ ಮದುವೆಗಳಲ್ಲಿ ಸುಮಾರು ಮೂರಕ್ಕೊಂದು ರಕ್ತಸಂಬಂಧದಲ್ಲಿ ಆದದ್ದು, ಅದರಲ್ಲೂ ಸೋದರಮಾವನ ಜೊತೆಗಿನ ಮದುವೆ ಬಹಳ. ಸೋದರಮಾವನಲ್ಲಿ ಕೆಟ್ಟ ಪ್ರತಿಯೊಂದಿದ್ದರೆ ಅದೇ ಪ್ರತಿ ಅಕ್ಕನ ಮಗಳಲ್ಲಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಸಂಬಂಧದಲ್ಲಿ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆ ರೂಢಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಆದರೆ ಕೆಟ್ಟ ಪ್ರತಿ ಆ ಮನೆಯ ಯಾವ ಅಜ್ಜ ಅಜ್ಜಿಯಿಂದ ಇಳಿದು ಬಂದಿದ್ದರೂ ಅದು ಗಂಡನಲ್ಲೂ ಸರಿಸಮನಾಗಿ ಇದೆ. ಅದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಿ.ಎಸ್. ಬಿಂದು, ಅರುಣ್ ತಾಲಿ, ಎನ್. ಗಾಯತ್ರಿ ಮತ್ತವರ ಜೊತೆಯವರು ಇಂಥ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿ ದಾಖಲಿಸಿದವರು. ಸ್ನಾಯುವಿನ ಚೂರನ್ನು ತಕ್ಷಣ ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು ಬಣ್ಣ ಹಾಕುತ್ತಾರೆ. ಕಾಕ್ಸ್ ಇದ್ದರೆ ಕಂದು ಬಣ್ಣ, ಇಲ್ಲದಿದ್ದರೆ ಪೇಲವ. ಮೈಟೊಕಾಂಡ್ರಿಯದ ಬೇರೆ ಕೆಲವು ಕಾಯಿಲೆಗಳಲ್ಲಿ ಕಾಣುವ ಕೆಂಪಗೆ ಚಿಂದಿಯಾದಂಥ ಎಳೆಗಳು ಸರ್ಫ್1 ಮಕ್ಕಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಕಾಕ್ಸ್ ತೋರಿಸುವ ಬಣ್ಣ ಹಾಕದಿದ್ದರೆ ಸ್ನಾಯು ಚೆನ್ನಾಗಿಯೇ ಇದೆ ಎಂದು ಮೋಸಹೋಗಬಹುದು. ಮೈಮೇಲೆ ಕೂದಲು ಹೆಚ್ಚಾಗಿ ಬೆಳೆಯುವುದು ಇನ್ನೊಂದು ಸುಳಿವು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಅವರ ತಂಡದ ಜೊತೆ ಸೇರಿ, ಸರ್ಫ್1 ಕೆಟ್ಟ ಮಕ್ಕಳ ಲಕ್ಷಣಗಳನ್ನೂ ಎಂಆರ್‌ಐ ಚಿತ್ರಗಳನ್ನೂ ಅವರು 2014ರಲ್ಲಿ ಪ್ರಕಟಿಸಿದರು. 1951ರಲ್ಲಿ ಲೀ ಸತ್ತ ಮಗುವಿನಲ್ಲಿ ನೋಡಿದ ಎಡಬಲದ ಕಲೆಗಳು ಈಗ ಬದುಕಿರುವ ಮಗುವಿನಲ್ಲೇ ಕಾಣುತ್ತವೆ.

ಮದ್ದು ಮಾತ್ರ ಇನ್ನೂ ದೂರವಿದೆ. 2007ರಲ್ಲಿ ಝೆವಿಯಾನಿ ತಂಡ ಸರ್ಫ್1 ಇಲ್ಲದ ಇಲಿಗಳನ್ನು ಬೆಳೆಸಿದಾಗ ಅವಕ್ಕೆ ಲೀ ಕಾಯಿಲೆ ಬರಲೇ ಇಲ್ಲ. ಅವು ಹೆಚ್ಚು ಕಾಲ ಬದುಕಿದವು, ಅವುಗಳ ನರಕೋಶಗಳು ಕ್ಯಾಲ್ಸಿಯಂ ತಂದೊಡ್ಡುವ ಒಂದು ಬಗೆಯ ಹಾನಿಯನ್ನು ಚೆನ್ನಾಗಿ ತಡೆದುಕೊಂಡವು. ಒಂದೇ ಜೀನಿನ ಕೊರತೆ ಮನುಷ್ಯನ ಕೂಸನ್ನು ಕೆಡವುತ್ತದೆ, ಇಲಿಯನ್ನು ಉಳಿಸುತ್ತದೆ. ಹಾಗಾಗಿ ಇಲಿಯಲ್ಲಿ ಪರೀಕ್ಷಿಸಿ ಮನುಷ್ಯರಿಗೆ ತರುವ ಹಾದಿ ಇಲ್ಲಿ ಸಲೀಸಲ್ಲ.

ಆದರೂ ಜೀನಿನ ಹೆಸರು ಪತ್ತೆಯಾದದ್ದರಿಂದ ಕೈಗೆ ಸಿಕ್ಕಿದ್ದು ಕಡಿಮೆಯಲ್ಲ. ಲೀ ಕಾಯಿಲೆಯಂತೆಯೇ ಕಾಣುವ ಇನ್ನೊಂದು ಕಾಯಿಲೆ ಇದೆ, ಬಿ-1 ಜೀವಸತ್ವವನ್ನು ಕೋಶದೊಳಕ್ಕೆ ಸಾಗಿಸುವ ಜೀನ್ ಕೆಟ್ಟಾಗ ಬರುವಂಥದು. ಅದಕ್ಕೆ ಬಿ-1 ಮತ್ತು ಬಯೋಟಿನ್ ಜೀವಸತ್ವಗಳನ್ನು ಬೇಗ ಕೊಟ್ಟರೆ ಮಗು ಚೇತರಿಸಿಕೊಳ್ಳಬಹುದು. ಜೀನ್ ವರದಿ ಬರುವುದಕ್ಕೆ ಮೊದಲೇ ವೈದ್ಯರು ಅವೆರಡನ್ನು ಶುರುಮಾಡುವುದು ಅದಕ್ಕಾಗಿ. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಅಂಥ ಕೂಸನ್ನು ಎತ್ತಿಕೊಂಡು ಬರುವವರು ಮೊದಲು ತಲುಪುವುದು ತಾಲೂಕು ಆಸ್ಪತ್ರೆಗೆ, ಆಮೇಲೆ ತುಮಕೂರಿನ ಜಿಲ್ಲಾಸ್ಪತ್ರೆಗೆ. ಈ ಮಾತು ಅಲ್ಲಿಯೂ ಗೊತ್ತಿದ್ದರೆ ನಿಮ್ಹಾನ್ಸ್ ತಲುಪುವ ಮುಂಚೆಯೇ ಸಮಯ ಉಳಿಯುತ್ತದೆ.

ನರರೋಗದ ವೈದ್ಯರು ವಂಶವೃಕ್ಷ ಬರೆಯುವಾಗ ಸಂಬಂಧದೊಳಗಿನ ಮದುವೆಗೆ ಗಂಡಹೆಂಡಿರ ನಡುವೆ ಒಂದರ ಬದಲು ಎರಡು ಗೆರೆ ಎಳೆಯುತ್ತಾರೆ. ಸೋದರಮಾವನೋ, ಅತ್ತೆಯ ಮಗನೋ, ದೂರದ ನಂಟೋ ಎಂದು ಕೇಳುತ್ತಾರೆ. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ, ಯಾವ ಜೀನನ್ನು ಮೊದಲು ಹುಡುಕಬೇಕೆಂದು ತೀರ್ಮಾನಿಸಲು ಆ ಎರಡು ಗೆರೆಗಳು ನೆರವಾಗುತ್ತವೆ. ಮಗುವಿನ ಜೀನ್‌ನಲ್ಲಿ ಕೆಟ್ಟ ಅಕ್ಷರ ಯಾವುದೆಂದು ಖಚಿತವಾದರೆ ಮುಂದಿನ ಬಸುರಿನಲ್ಲಿ ಹನ್ನೊಂದನೇ ವಾರದ ಮೇಲೆ ಮಾಸಿನ (ಪ್ಲಸೆಂಟಾದ) ಚೂರು ತೆಗೆದು ಪರೀಕ್ಷಿಸಲು ಬರುತ್ತದೆ. ಅದಕ್ಕೂ ಮುನ್ನ ಇನ್ನೊಂದು ಪರೀಕ್ಷೆ ಆಗಬೇಕು, ಅದಕ್ಕೆ ತಾಯಿಯ ರಕ್ತವೂ ಬೇಕು, ತಂದೆಯ ರಕ್ತವೂ ಬೇಕು.